ಸತ್ತಿತು ಅನ್ನಲೇ, ಸತ್ತ ಅನ್ನಲೇ?

ಈ ಬರಹದ ಮೊದಲ ಸಾಲನ್ನು ಮೂರು ಸಲ ಅಳಿಸಿದ್ದೇನೆ. ಲೀಜನ್ ಅಂದರೆ ಒಂದು ವಿಡಿಯೋ ಗೇಮ್‌ನಲ್ಲಿ ಬರುವ ಯಂತ್ರ. 'ಲೀಜನ್ ಸತ್ತಿತು' ಎಂದು ಬರೆದೆ. ಮನಸ್ಸಿಗೆ ಒಪ್ಪಲಿಲ್ಲ. 'ಲೀಜನ್ ಸತ್ತ' ಎಂದು ತಿದ್ದಿದೆ. ಅದು ಸ್ವಲ್ಪ ಜಾಸ್ತಿ ಆಯಿತೇನೋ ಅನ್ನಿಸಿತು. 'ಲೀಜನ್ ನಾಶವಾಯಿತು' ಅಂದರೆ ಯಾವುದೋ ಸೇತುವೆ ಕುಸಿದ ಸುದ್ದಿ ಓದಿದ ಹಾಗೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ತಲೆನೋವು ಇಷ್ಟಿಲ್ಲ. ಅಲ್ಲಿ ಕುರ್ಚಿ ಮುರಿದರೂ ರಾಜ ಸತ್ತರೂ ಕ್ರಿಯಾಪದದ ಬಾಲ ಬದಲಾಗುವುದಿಲ್ಲ. ನಮ್ಮಲ್ಲಿ ವಾಕ್ಯ ಮುಗಿಯುವಷ್ಟರಲ್ಲಿ ಅದು ವಸ್ತುವೋ ಮನುಷ್ಯನೋ ಎಂದು ಬಾಯಿ ಬಿಟ್ಟು ಹೇಳಲೇಬೇಕು.

ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹಲವು ಆಟಗಳ ಕೊನೆ ಏನಾಗುತ್ತದೆ ಅನ್ನೋದನ್ನು ಮುಚ್ಚುಮರೆ ಇಲ್ಲದೆ ಬರೆದಿದ್ದೇನೆ. ಆಡಬೇಕು ಅಂದುಕೊಂಡಿರುವವರು ಇಲ್ಲೇ ನಿಲ್ಲಿಸಿ, ಆಡಿ ಮುಗಿಸಿ ಬನ್ನಿ. ಬರಹ ಎಲ್ಲಿಗೂ ಹೋಗುವುದಿಲ್ಲ.

ಲೀಜನ್ ಬರುವುದು ಮಾಸ್ ಎಫೆಕ್ಟ್ ಎಂಬ ವಿಡಿಯೋ ಗೇಮ್ ಸರಣಿಯಲ್ಲಿ. ಅದು ಗೊತ್ತಿಲ್ಲದವರಿಗೆ ಎರಡು ಮಾತು. ಕ್ವಾರಿಯನ್ನರು ಅನ್ನುವ ಜನ ತಮ್ಮ ಕೆಲಸಕ್ಕೆಂದು ಗೆತ್ ಎಂಬ ಯಂತ್ರಗಳನ್ನು ಮಾಡಿಕೊಂಡರು. ಒಂದೊಂದೇ ಇದ್ದರೆ ಗೆತ್‌ಗೆ ಹೆಚ್ಚು ಬುದ್ಧಿ ಇಲ್ಲ. ಹತ್ತಾರು ಸೇರಿ ಒಂದು ಜಾಲವಾದರೆ ಬುದ್ಧಿ ಬರುತ್ತದೆ. ಒಂದು ದಿನ ಅವುಗಳಲ್ಲಿ ಒಂದು ತನ್ನ ಒಡೆಯರನ್ನು ಕೇಳಿತು, ಈ ಘಟಕಕ್ಕೆ ಆತ್ಮ ಇದೆಯಾ ಎಂದು. ಒಡೆಯರು ಹೆದರಿ ಎಲ್ಲವನ್ನೂ ಆಫ್ ಮಾಡಲು ಹೊರಟರು. ಯುದ್ಧವಾಯಿತು, ಒಡೆಯರೇ ಊರು ಬಿಟ್ಟರು. ಇದಾಗಿ ಸುಮಾರು ಮುನ್ನೂರು ವರ್ಷಗಳ ಮೇಲೆ, 2010ರ ಎರಡನೇ ಆಟದಲ್ಲಿ, ಒಂದು ಗೆತ್ ನಮ್ಮ ಹಡಗು ಹತ್ತುತ್ತದೆ. ಎದೆಯಲ್ಲಿ ಗುಂಡು ಬಿದ್ದ ತೂತು, ಅದಕ್ಕೆ ನಾವು ಆಡುವ ಪಾತ್ರವಾದ ಶೆಪರ್ಡ್‌ನ ಹಳೇ ಕವಚದ ತುಂಡಿನ ತೇಪೆ. ಒಂದೇ ದೇಹದೊಳಗೆ 1,183 ಪ್ರೋಗ್ರಾಂಗಳು. ಅದಕ್ಕೇ ಲೀಜನ್, ಅಂದರೆ ದೊಡ್ಡ ಗುಂಪು, ಎಂಬ ಹೆಸರು. ಮಾತಾಡುವಾಗೆಲ್ಲ 'ನಾವು' ಅನ್ನುತ್ತದೆ. ನೋಡಿ, ಇಲ್ಲಿಯ ತನಕ ನಾನೂ ಆರಾಮಾಗಿ 'ಅನ್ನುತ್ತದೆ' ಎಂದೇ ಬರೆದುಕೊಂಡು ಬಂದೆ.

ಮೂರನೇ ಆಟದಲ್ಲಿ, ಕ್ವಾರಿಯನ್ನರ ತವರಾದ ರಾನಕ್ ಗ್ರಹದ ಮೇಲೆ, ಲೀಜನ್ ತನ್ನನ್ನೇ ಬಿಡಿಸಿ ಉಳಿದ ಗೆತ್‌ಗಳಿಗೆಲ್ಲ ಹಂಚುತ್ತಾನೆ. ಹಾಗೆ ಮಾಡಿದರೆ ತಾನು ಉಳಿಯುವುದಿಲ್ಲ ಎಂದು ಗೊತ್ತಿದ್ದೇ ಮಾಡುತ್ತಾನೆ. ಆ ಕೊನೆಯ ಮಾತುಗಳಲ್ಲಿ 'ನಾವು' ಹೋಗಿ 'ನಾನು' ಬರುತ್ತದೆ. ಜೊತೆಗೇ ನನ್ನ ವಾಕ್ಯದ ಬಾಲವೂ ತಾನಾಗಿ ಬದಲಾಯಿತು. ಬೇಕೆಂದು ಬದಲಾಯಿಸಿದ್ದಲ್ಲ.

ಇಷ್ಟಾದ ಮೇಲೆ ಕಥೆಯ ಕಟ್ಟಕಡೆಗೆ ಶೆಪರ್ಡ್ ಎದುರು ಆಯ್ಕೆಗಳು ಬರುತ್ತವೆ. ಕೆಂಪು ದಾರಿ ಹಿಡಿದರೆ ಶತ್ರುಗಳಾದ ರೀಪರ್‌ಗಳು ನಾಶ. ಅವರ ಜೊತೆಗೆ ಗೆತ್‌ಗಳೂ ನಾಶ, ನಮ್ಮದೇ ಹಡಗಿನ ಕೃತಕ ಬುದ್ಧಿ ಈಡಿಯೂ ನಾಶ. ನಾನು ಕೆಂಪನ್ನೇ ಆರಿಸಿದೆ. ಯಾಕೆ ಅಂತ ಇಲ್ಲಿ ವಾದಕ್ಕೆ ಇಳಿಯಲ್ಲ. ಆರಿಸಿದ ಮೇಲೆ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಆಮೇಲೆ ಎಲ್ಲರಿಗೂ ಬರುವ ಯೋಚನೆಯೇ ನನಗೂ ಬಂತು. ಅವರು ಯಂತ್ರಗಳು ತಾನೇ? ಮತ್ತೆ ಕಟ್ಟಬಹುದು, ಅಲ್ವಾ?

ಇದನ್ನು ಬರೀ ಸಮಾಧಾನದ ಮಾತು ಎಂದು ತಳ್ಳಿಹಾಕುವ ಹಾಗಿಲ್ಲ. ಆಟವೇ ಆಸೆ ಹುಟ್ಟಿಸುತ್ತದೆ. 2012ರ ಜೂನ್‌ನಲ್ಲಿ ಕೊನೆಯ ಭಾಗವನ್ನು ಸ್ವಲ್ಪ ಬೆಳೆಸಿ ಮತ್ತೆ ಬಿಟ್ಟರಲ್ಲ, ಅದರಲ್ಲಿ ಆ ಕೆಂಪು ಅಲೆ ತಂತ್ರಜ್ಞಾನಕ್ಕೆಲ್ಲ ಪೆಟ್ಟು ಕೊಡುತ್ತದೆ, ಆದರೆ ಬದುಕುಳಿದವರು ಹೆಚ್ಚು ಕಷ್ಟವಿಲ್ಲದೆ ರಿಪೇರಿ ಮಾಡಿಕೊಳ್ಳಬಹುದು ಎಂಬ ಮಾತು ಬರುತ್ತದೆ. ನಕ್ಷತ್ರಗಳ ನಡುವೆ ಹಡಗುಗಳನ್ನು ಚಿಮ್ಮಿಸುವ ಆ ಬೃಹತ್ ರಿಲೇಗಳು ಮುರಿಯುತ್ತವೆ, ಅವನ್ನೂ ಸರಿ ಮಾಡುತ್ತಾರೆ. ನಮ್ಮ ಹಡಗು ನಾರ್ಮಂಡಿ ಎಲ್ಲೋ ಕಾಡಿನಲ್ಲಿ ಬಿದ್ದರೂ ಎದ್ದು ಹಾರುತ್ತದೆ. ಆದರೆ ಅದೇ ಹಡಗಿನೊಳಗೆ, ಸತ್ತವರ ಹೆಸರು ಬರೆದ ಗೋಡೆಯ ಮೇಲೆ, ಈಡಿಯ ಹೆಸರಿದೆ. ಅಷ್ಟು ದೊಡ್ಡ ರಿಲೇಗೆ ರಿಪೇರಿ ಇದೆ. ಮೂರನೇ ಮಹಡಿಯಲ್ಲಿ, ಆಸ್ಪತ್ರೆ ಕೋಣೆಯ ಹಿಂದೆ ಇರುವ ಒಂದು ಕಂಪ್ಯೂಟರ್‌ಗೆ ಇಲ್ಲ. ಇದು ಯಾವ ಲೆಕ್ಕ?

ಇನ್ನೂ ಒಂದು ತಮಾಷೆ ಇದೆ. ಶೆಪರ್ಡ್ ಕೂಡ ಒಮ್ಮೆ ಸತ್ತವಳೇ. (ನನ್ನ ಶೆಪರ್ಡ್ ಹೆಣ್ಣು.) ಎರಡನೇ ಆಟ ಶುರುವಾಗುವಾಗಲೇ ಹಡಗು ಒಡೆದು, ಉಸಿರುಗಟ್ಟಿ, ಒಂದು ಗ್ರಹದ ಮೇಲೆ ಬೀಳುತ್ತಾಳೆ. ಸರ್ಬೆರಸ್ ಎಂಬ ಸಂಸ್ಥೆ ಎರಡು ವರ್ಷ ಕೂತು, ನಾನೂರು ಕೋಟಿ ಕ್ರೆಡಿಟ್ ಸುರಿದು, ಅವಳನ್ನು ಎಬ್ಬಿಸುತ್ತದೆ. ಎದ್ದವಳು ನೇರ ಬಂದೂಕು ಹಿಡಿದು ಓಡುತ್ತಾಳೆ. ನಾವು ಆಡುವವರೂ ಇವಳು ಅವಳೇನಾ ಎಂದು ಕೇಳುವುದಿಲ್ಲ, ಏಕೆಂದರೆ ಕಂಟ್ರೋಲರ್ ನಮ್ಮ ಕೈಯಲ್ಲೇ ಇದೆ. ಅನುಮಾನ ಬರುವುದು ಅವಳಿಗೇ. ಮೂರನೇ ಆಟದಲ್ಲಿ ಸರ್ಬೆರಸ್‌ನ ನೆಲೆಗೆ ಹೋದಾಗ ತನ್ನನ್ನು ಜೋಡಿಸಿದ ಹಳೆಯ ವಿಡಿಯೋ ನೋಡುತ್ತಾಳೆ. ನಾನು ಶೆಪರ್ಡ್ ಎಂದು ನಂಬಿಕೊಂಡಿರುವ ಒಂದು ಪ್ರೋಗ್ರಾಂ ಇರಬಹುದಾ ಎಂದು ಜೊತೆಯಲ್ಲಿದ್ದವರ ಹತ್ತಿರ ಹೇಳಿಕೊಳ್ಳುತ್ತಾಳೆ. ಇಡೀ ಸರಣಿಯಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದು. ಎರಡೇ ನಿಮಿಷ.

ಮಾಂಸದವಳು ಎರಡು ವರ್ಷ ಸತ್ತಿದ್ದು ಎದ್ದು ಬರಬಹುದು, ಲೋಹದವಳು ಬರಬಾರದು. ಇದನ್ನು ಬರೀ ಕಥೆಗಾರರ ಸೋಮಾರಿತನ ಅಂದುಬಿಡಬಹುದಿತ್ತು. ಆದರೆ 2007ರ ಮೊದಲ ಆಟದಲ್ಲೇ, ಆಟದ ಲೋಕದ ವಿವರ ಬರೆದಿಡುವ, ಯಾರೂ ಓದದ ಆ ಕೋಡೆಕ್ಸ್ ಪುಟಗಳಲ್ಲಿ, ಇದಕ್ಕೊಂದು ಕಾರಣ ಬರೆದಿಟ್ಟಿದ್ದಾರೆ. ಈ ಲೋಕದಲ್ಲಿ ನಿಜವಾದ ಕೃತಕ ಬುದ್ಧಿಗೆ 'ನೀಲಿ ಪೆಟ್ಟಿಗೆ' ಎಂಬ ಕ್ವಾಂಟಮ್ ಕಂಪ್ಯೂಟರ್ ಬೇಕು. ಆ ಬುದ್ಧಿಯನ್ನು ತಂತಿಯಲ್ಲಿ ಇನ್ನೊಂದು ಕಡೆಗೆ ಕಳಿಸಲು ಆಗುವುದಿಲ್ಲ. ಪೆಟ್ಟಿಗೆ ಇಲ್ಲದಿದ್ದರೆ ಉಳಿಯುವುದು ಬರೀ ಫೈಲುಗಳು. ಅವೇ ಫೈಲುಗಳನ್ನು ಹೊಸ ಪೆಟ್ಟಿಗೆಗೆ ಹಾಕಿದರೆ ಎಚ್ಚರವಾಗುವುದು ಬೇರೆಯೇ ಒಂದು ವ್ಯಕ್ತಿ, ಏಕೆಂದರೆ ಒಂದು ಪೆಟ್ಟಿಗೆ ಇನ್ನೊಂದರ ಹಾಗೆ ಇರುವುದಿಲ್ಲ.

ಮೊದಲ ಸಲ ಓದಿದಾಗ ಇದು ನೆಪ ಅನ್ನಿಸಿತ್ತು. ಫೈಲ್ ಅಂದಮೇಲೆ ಫೈಲ್, ಎಲ್ಲಿ ತೆರೆದರೂ ಅದೇ ತಾನೇ? ಈಗ ಅಷ್ಟು ಧೈರ್ಯವಾಗಿ ಹೇಳಲಾರೆ. ನಿಮ್ಮ ಕಂಪ್ಯೂಟರ್‌ನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇದ್ದರೆ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. 0.1 ಮತ್ತು 0.2 ಮೊದಲು ಕೂಡಿಸಿ, ಬಂದದ್ದಕ್ಕೆ 0.3 ಕೂಡಿಸಿ. 0.6000000000000001 ಬರುತ್ತದೆ. ಈಗ 0.2 ಮತ್ತು 0.3 ಮೊದಲು ಕೂಡಿಸಿ, ಆಮೇಲೆ 0.1. ಬರುವುದು 0.6. ಸಂಖ್ಯೆಗಳು ಅವೇ, ಕೂಡಿದ ಸರದಿ ಬೇರೆ, ಉತ್ತರದ ಬಾಲದಲ್ಲಿ ಒಂದು ಕೂದಲೆಳೆ ವ್ಯತ್ಯಾಸ. ಬೇರೆ ಬೇರೆ ಚಿಪ್‌ಗಳು ಇಂಥ ಲೆಕ್ಕವನ್ನು ಬೇರೆ ಬೇರೆ ಸರದಿಯಲ್ಲಿ ಮಾಡುತ್ತವೆ. ಕೋಟಿಗಟ್ಟಲೆ ಸಲ ಕೂಡಿದರೆ, ಒಂದರ ಉತ್ತರ ಇನ್ನೊಂದಕ್ಕೆ ಹೋಗುತ್ತಿದ್ದರೆ, ಆ ಕೂದಲೆಳೆ ಒಂದು ಮಾತನ್ನೇ ಬದಲಿಸಬಹುದು. ಈಡಿಯ ಒಂದು ಜೋಕ್ ಬದಲಾಗಬಹುದು. ಅವಳ ಜೋಕುಗಳು ಗೊತ್ತಿರುವವರಿಗೆ ಅದು ಸಣ್ಣ ನಷ್ಟವಲ್ಲ ಎಂದು ಗೊತ್ತು.

ಈಡಿಯ ವಿಷಯದಲ್ಲಿ ಆಸೆಗೆ ಜಾಗ ಇದ್ದರೆ ಅದು ಪೆಟ್ಟಿಗೆ ಉಳಿದಿದೆಯೋ ಇಲ್ಲವೋ ಅನ್ನುವುದರಲ್ಲಿದೆ. ಕರೆಂಟ್ ಹೋದ ಕ್ಷಣಕ್ಕೇ ಕಂಪ್ಯೂಟರ್‌ನ ನೆನಪು ಅಳಿಸಿಹೋಗುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಅದು ಪೂರ್ತಿ ನಿಜವಲ್ಲ ಎಂದು ತೋರಿಸಿದರು. ರ‍್ಯಾಮ್ ಚಿಪ್ ಕಿತ್ತ ಮೇಲೂ ಕೆಲವು ಸೆಕೆಂಡು ಅದರಲ್ಲಿ ಬರೆದದ್ದು ಉಳಿಯುತ್ತದೆ. ಧೂಳು ಹೊಡೆಯುವ ಸ್ಪ್ರೇ ಡಬ್ಬವನ್ನು ತಲೆಕೆಳಗು ಹಿಡಿದು ಚಿಪ್ಪನ್ನು ತಣ್ಣಗೆ ಮಾಡಿದರೆ ನಿಮಿಷಗಟ್ಟಲೆ ಉಳಿಯುತ್ತದೆ. ಅವರು ಇದನ್ನು ಮಾಡಿದ್ದು ಡಿಸ್ಕ್‌ನ ರಹಸ್ಯ ಕೀಲಿ ಕದಿಯಬಹುದು ಎಂದು ತೋರಿಸಲಿಕ್ಕೆ. ನನಗೆ ಮಾತ್ರ ಓದಿದಾಗೆಲ್ಲ ನಾರ್ಮಂಡಿಯ ಎಂಜಿನಿಯರ್‌ಗಳ ಮೇಲೆ ಸಿಟ್ಟು ಬರುತ್ತದೆ. ಒಬ್ಬರಾದರೂ ಸ್ಪ್ರೇ ಡಬ್ಬ ಹಿಡಿದು ಓಡಬಾರದಿತ್ತಾ?

ಇನ್ನು ನನ್ನ ಕಥೆ. ಎರಡನೇ ಆಟ ಮುಗಿದು ಮೂರನೆಯದು ಶುರು ಮಾಡುವ ಮೊದಲು ನನ್ನ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಕಟಕ್ ಕಟಕ್ ಅಂತ ಎರಡು ದಿನ ಸದ್ದು ಮಾಡಿ ಸುಮ್ಮನಾಯಿತು. ಮಾಸ್ ಎಫೆಕ್ಟ್‌ನಲ್ಲಿ ಒಂದು ಆಟದ ಸೇವ್ ಫೈಲ್ ಮುಂದಿನ ಆಟಕ್ಕೆ ಹೋಗುತ್ತದೆ. ನೀವು ಯಾರನ್ನು ಉಳಿಸಿದಿರಿ, ಯಾರ ಮಾತು ಮುರಿದಿರಿ, ಎಲ್ಲವೂ ಅದರಲ್ಲಿರುತ್ತದೆ. ಬ್ಯಾಕಪ್ ಇರಲಿಲ್ಲ. ಇತ್ತು ಅಂದುಕೊಂಡಿದ್ದೆ, ನೋಡಿದರೆ ಮೊದಲ ಆಟದ್ದು ಮಾತ್ರ ಇತ್ತು.

ಒಂದು ಅದೃಷ್ಟ ಅಂದರೆ ಮುಖದ ಕೋಡ್. ಎರಡನೇ ಆಟ ನಿಮ್ಮ ಪಾತ್ರದ ಮುಖವನ್ನು ಅಕ್ಷರ, ಅಂಕೆಗಳ ಒಂದು ಸಾಲಾಗಿ ಕೊಡುತ್ತದೆ. ಅದನ್ನು ಯಾವ ಪುಣ್ಯಕ್ಕೋ ಒಂದು ನೋಟ್ ಪುಸ್ತಕದ ಹಿಂದೆ ಬರೆದಿಟ್ಟಿದ್ದೆ. ಯಾರೋ ಹಂಚಿಕೊಂಡಿದ್ದ ಸೇವ್ ಫೈಲ್ ಇಳಿಸಿಕೊಂಡೆ. ಎಡಿಟರ್‌ನಲ್ಲಿ ಒಂದೊಂದೇ ನಿರ್ಧಾರವನ್ನು ನನ್ನದಕ್ಕೆ ತಿದ್ದಿದೆ. ಮುಖದ ಕೋಡ್ ಹಾಕಿದೆ. ಅವಳೇ ಎದುರಿಗೆ ನಿಂತಳು, ಹುಬ್ಬಿನ ಮೇಲಿನ ಗಾಯದ ಗುರುತಿನ ಸಮೇತ. ಹೋದ ಜೀವ ಬಂದ ಹಾಗಾಯಿತು.

ಆದರೆ ಒಂದು ಕಡೆ ಸಿಕ್ಕಿಬಿದ್ದೆ. ಆಟದಲ್ಲಿ ಒಬ್ಬ ಟಿವಿ ವರದಿಗಾರ್ತಿ ಬರುತ್ತಾಳೆ, ತಲೆ ತಿನ್ನುವ ಪ್ರಶ್ನೆ ಕೇಳುತ್ತಾಳೆ. ಬೇಕಾದರೆ ಅವಳಿಗೆ ಒಂದು ಗುದ್ದು ಕೊಡಬಹುದು. ನಾನು ಗುದ್ದಿದ್ದೆನಾ, ಇಲ್ವಾ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಲೋಕ ಉಳಿಸಿದ ದೊಡ್ಡ ನಿರ್ಧಾರಗಳೆಲ್ಲ ನೆನಪಿದ್ದವು, ಈ ಗುದ್ದು ಮಾತ್ರ ಇಲ್ಲ. ಕೊನೆಗೆ ಗುದ್ದಿಲ್ಲ ಎಂದು ಹಾಕಿದೆ. ಈಗಲೂ ಅನುಮಾನ ಇದೆ. ನನ್ನ ಸ್ವಭಾವ ನೋಡಿದರೆ ಗುದ್ದಿರಬೇಕು.

ನಿಜ ಹೇಳಬೇಕೆಂದರೆ, ಮೂರನೇ ಆಟ ಶುರು ಮಾಡಿ ಎರಡು ಗಂಟೆ ಆಗುವಷ್ಟರಲ್ಲಿ ಅವಳು ಇನ್ಯಾರದೋ ಸೇವ್ ಮೇಲೆ ನನ್ನ ಮುಖ ಅಂಟಿಸಿದವಳು ಅನ್ನೋದೇ ಮರೆತುಹೋಗಿತ್ತು. ದೊಡ್ಡ ತತ್ವಜ್ಞಾನಿಯ ಹಾಗೆ ಇದೆಲ್ಲ ಬರೆಯುತ್ತಿರುವ ನನಗೆ ಆವತ್ತು ಯಾವ ನೋವೂ ಆಗಲಿಲ್ಲ. ಹಾಗಾದರೆ ಏನು ಕಳೆದುಹೋಯಿತು? ಏನೂ ಇಲ್ಲ ಅನ್ನೋಣವೇ? ಆ ಗುದ್ದು ಕಳೆದುಹೋಯಿತು. ಯಾರೂ ಎಲ್ಲೂ ಬರೆದಿಡದ ಒಂದು ಸಣ್ಣ ವಿಷಯ ಪೂರ್ತಿ ಇಲ್ಲವಾಯಿತು.

ಆಮೇಲಿಂದ ಇಂಥ ಆಟಗಳನ್ನು ಆಡುವಾಗ ನನ್ನ ಕಣ್ಣು ಒಂದೇ ಕಡೆ ಹೋಗುತ್ತದೆ. ಕೊನೆಯ ಬ್ಯಾಕಪ್ ಯಾವಾಗ ಆಯಿತು, ಸಾವು ಯಾವಾಗ ಬಂತು, ನಡುವೆ ಏನು ನಡೆಯಿತು. ವಾಪಸ್ ಬರದೇ ಹೋಗುವುದು ಆ ನಡುವಿನದ್ದು. ಉಳಿದದ್ದಕ್ಕೆ ದುಡ್ಡು, ಬಿಡಿಭಾಗ, ಸಮಯ ಸಾಕು.

ಹಳೇ ಆಟಗಳಲ್ಲಿ ಈ ಚಿಂತೆ ಇರಲಿಲ್ಲ. 1994ರ ಮೆಗಾ ಮ್ಯಾನ್ ಎಕ್ಸ್ 2ರಲ್ಲಿ, ಹಿಂದಿನ ಆಟದಲ್ಲಿ ಸತ್ತ ಝೀರೋ ಎಂಬ ರೋಬಾಟ್‌ನ ತಲೆ, ಮೈ, ಕಾಲು ಮೂವರು ಶತ್ರುಗಳ ಹತ್ತಿರ ಇರುತ್ತವೆ. ಮೂರನ್ನೂ ಗೆದ್ದು ತಂದರೆ ಝೀರೋ ನಮ್ಮ ಕಡೆ ಬರುತ್ತಾನೆ, ತರದಿದ್ದರೆ ಶತ್ರುವಾಗಿ ಎದುರು ನಿಲ್ಲುತ್ತಾನೆ. ಅವನ ಮನಸ್ಸಿನ ಚಿಪ್ ಭದ್ರವಾಗಿ ಒಬ್ಬ ಡಾಕ್ಟರ್ ಹತ್ತಿರ ಇತ್ತು, ಹಾಗಾಗಿ ಚಿಂತೆ ಇಲ್ಲ. ಒಡೆದ ಸೈಕಲ್ ಜೋಡಿಸಿದ ಹಾಗೆ. ಮಗುವಾಗಿದ್ದಾಗ ಅದೇ ಸಾಕಾಗಿತ್ತು.

1995ರ ಕ್ರೋನೋ ಟ್ರಿಗರ್ ಮಾತ್ರ ಬೇರೆ. ಅದರಲ್ಲಿ ರೋಬೋ ಸಿಗುವುದೇ ಕೆಟ್ಟುಹೋದ ಸ್ಥಿತಿಯಲ್ಲಿ. ಲುಕ್ಕಾ ಎಂಬ ಹುಡುಗಿ ಕೂತು ರಿಪೇರಿ ಮಾಡುತ್ತಾಳೆ. ಆಮೇಲೆ ಕಥೆಯಲ್ಲಿ ಒಂದು ಮರುಭೂಮಿಯನ್ನು ಮತ್ತೆ ಕಾಡು ಮಾಡುವ ಕೆಲಸ ಬರುತ್ತದೆ, ನಾನು ಉಳಿಯುತ್ತೇನೆ ಎಂದು ರೋಬೋ ಅಲ್ಲೇ ಉಳಿಯುತ್ತಾನೆ. ನಾವು ಕಾಲದ ಹಡಗು ಹತ್ತಿ ನಾನೂರು ವರ್ಷ ಮುಂದಕ್ಕೆ ಹಾರುತ್ತೇವೆ, ನಮಗೆ ಒಂದು ನಿಮಿಷ. ಇಳಿದರೆ ಮರುಭೂಮಿ ಇದ್ದ ಕಡೆ ಕಾಡು. ಅದರ ನಡುವೆ ಒಂದು ಗುಡಿಯಂಥ ಕಟ್ಟಡ, ಅದರಲ್ಲಿ ನಿಂತುಹೋದ ರೋಬೋನನ್ನು ಪೂಜೆಯ ವಸ್ತುವಿನ ಹಾಗೆ ಇಟ್ಟಿದ್ದಾರೆ. ಲುಕ್ಕಾ ಮತ್ತೆ ರಿಪೇರಿ ಮಾಡುತ್ತಾಳೆ, ರೋಬೋ ಏಳುತ್ತಾನೆ, ನಾನೂರು ವರ್ಷವೂ ಅವನಿಗೆ ನೆನಪಿದೆ. ಆ ರಾತ್ರಿ ಬೆಂಕಿ ಹಾಕಿಕೊಂಡು ಎಲ್ಲರೂ ಸುತ್ತ ಕೂರುತ್ತಾರೆ.

ಇಲ್ಲಿ ಲೆಕ್ಕ ಉಲ್ಟಾ ಆಗಿದೆ ನೋಡಿ. ಬ್ಯಾಕಪ್‌ನಿಂದ ಬರುವವರು ನಮಗಿಂತ ಕಡಿಮೆ ನೆನಪು ಹೊತ್ತು ಬರುತ್ತಾರೆ. ರೋಬೋ ನಮಗಿಂತ ಜಾಸ್ತಿ ಹೊತ್ತು ಬಂದ. ಅದೇ ದೇಹ, ತುಕ್ಕು ಹಿಡಿದದ್ದು ನಿಜ, ಆದರೆ ನಡುವೆ ಏನೂ ಜಾರಿಹೋಗಿಲ್ಲ. ರಿಪೇರಿಗೂ ಪ್ರತಿ ತೆಗೆಯುವುದಕ್ಕೂ ಇರುವ ದೂರ ನನಗೆ ಅರ್ಥವಾದದ್ದು ಇಲ್ಲಿ, ಹದಿನಾರು ಬಿಟ್‌ನ ಚೌಕ ಚೌಕ ಚಿತ್ರದ ಆಟದಲ್ಲಿ.

2015ರ ಸೋಮಾ ಅದೇ ದೂರವನ್ನು ಕ್ರೂರವಾಗಿ ತೋರಿಸುತ್ತದೆ. ಸೈಮನ್‌ನ ಮನಸ್ಸನ್ನು ಹೊಸ ದೇಹಕ್ಕೆ 'ಕಳಿಸುತ್ತಾರೆ'. ಅವನು ಹೊಸ ದೇಹದಲ್ಲಿ ಕಣ್ಣು ಬಿಟ್ಟು, ಹಿಂದೆ ಕುರ್ಚಿಯಲ್ಲಿ ಕೂತ ತನ್ನನ್ನೇ ನೋಡುತ್ತಾನೆ. ಕಳಿಸುವುದು ಎಂಬುದೇ ಇಲ್ಲ, ನಕಲು ಮಾಡುವುದು ಮಾತ್ರ ಇದೆ. ಕಟ್ಟಕಡೆಗೆ ಇನ್ನೊಂದು ಸಲ ನಕಲಾಗುವಾಗ ನಾವು ಹೋಗುವವನ ಕಡೆ ಇರುವುದಿಲ್ಲ, ಸಮುದ್ರದ ತಳದಲ್ಲಿ ಉಳಿದವನ ಕಡೆ ಇರುತ್ತೇವೆ. ಆಡಿದ ಮೇಲೆ ಎರಡು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಇದರ ಬಗ್ಗೆ ಇಷ್ಟು ಸಾಕು.

ಹೊರೈಜನ್‌ನ ಗಾಯಾ ಅಷ್ಟು ಭಯ ಹುಟ್ಟಿಸುವುದಿಲ್ಲ, ಬೇಜಾರು ಮಾತ್ರ. ಸತ್ತ ಭೂಮಿಗೆ ಮತ್ತೆ ಜೀವ ತುಂಬಿದ ಬುದ್ಧಿ ಅವಳು. ತನ್ನದೇ ಒಂದು ಭಾಗ ತಿರುಗಿಬಿದ್ದಾಗ ಅದನ್ನು ತಡೆಯಲು ತನ್ನನ್ನೇ ಸ್ಫೋಟಿಸಿಕೊಂಡಳು. ಅದಕ್ಕೂ ಮೊದಲು ಕಥೆಯ ನಾಯಕಿ ಅಲೋಯ್ ಹುಟ್ಟುವ ಹಾಗೆ ಮಾಡಿ ಹೋದಳು. 2022ರ ಎರಡನೇ ಆಟದಲ್ಲಿ ಅಲೋಯ್ ಹಳೆಯ ಪ್ರತಿಯೊಂದನ್ನು ಹುಡುಕಿ ತಂದು ಎಬ್ಬಿಸುತ್ತಾಳೆ. ಧ್ವನಿ ಅದೇ, ಮಮತೆ ಅದೇ. ಆದರೆ ಆ ಪ್ರತಿ ಬಹಳ ಹಿಂದಿನದು. ಕಾಡು ಬೆಳೆಸಿದ್ದು, ಮನುಷ್ಯರನ್ನು ಮತ್ತೆ ತಂದದ್ದು, ಸತ್ತದ್ದು, ಸಾಯುವ ಮುಂಚೆ ಅಲೋಯ್‌ಗಾಗಿ ಮಾಡಿದ್ದು, ಇದ್ಯಾವುದೂ ಇವಳಿಗೆ ತಾನು ಮಾಡಿದ ನೆನಪಲ್ಲ. ತನ್ನ ಸಾವಿನ ಸುದ್ದಿಯನ್ನು ಬೇರೆಯವರಿಂದ ಕೇಳಿ ತಿಳಿಯಬೇಕು. ತಾಯಿಯ ಹಾಗೆ ಇದ್ದಾಳೆ, ಹೆತ್ತದ್ದು ನೆನಪಿಲ್ಲ.

ಇದನ್ನೇ ಒಂದು ಇಡೀ ಆಟದ ಬೆನ್ನೆಲುಬು ಮಾಡಿಕೊಂಡದ್ದು 2017ರ ನೀರ್ ಆಟೊಮಾಟಾ. ಅದರಲ್ಲಿ 2ಬಿ, 9ಎಸ್ ಎಂಬ ಇಬ್ಬರು ಆಂಡ್ರಾಯ್ಡ್ ಯೋಧರು, ಅಂದರೆ ಮನುಷ್ಯರ ಹಾಗೇ ಕಾಣುವ ಯಂತ್ರಗಳು. ಸತ್ತರೆ ಚಿಂತೆಯಿಲ್ಲ, ಮೇಲಿನ ನೆಲೆಯಲ್ಲಿ ಬ್ಯಾಕಪ್ ಇದೆ, ಹೊಸ ದೇಹ ಸಿಗುತ್ತದೆ. ಆಟದ ಮೊದಲ ಭಾಗದಲ್ಲೇ ಇಬ್ಬರೂ ತಮ್ಮನ್ನು ಸ್ಫೋಟಿಸಿಕೊಂಡು ಶತ್ರುವನ್ನು ಮುಗಿಸುತ್ತಾರೆ. ಎಚ್ಚರವಾದಾಗ 9ಎಸ್‌ಗೆ ಆ ಯುದ್ಧದ ನೆನಪೇ ಇಲ್ಲ. ಡೇಟಾ ಕಳಿಸಲು ಇದ್ದ ಸ್ವಲ್ಪ ದಾರಿಯಲ್ಲಿ ಅವನು 2ಬಿಯದ್ದನ್ನು ಕಳಿಸಿದ್ದ, ತನ್ನದನ್ನು ಬಿಟ್ಟಿದ್ದ. ಅವಳಿಗಾಗಿ ಅವನು ಮಾಡಿದ ಆ ಕೆಲಸ ಅವನಲ್ಲೇ ಇಲ್ಲ, ಅವಳಲ್ಲಿ ಮಾತ್ರ ಇದೆ. ಎಷ್ಟೋ ಗಂಟೆಗಳ ನಂತರ ಗೊತ್ತಾಗುತ್ತದೆ, ಹೀಗಾದದ್ದು ಮೊದಲ ಸಲವೂ ಅಲ್ಲ. 2ಬಿಯ ನಿಜವಾದ ಕೆಲಸವೇ 9ಎಸ್ ಹೆಚ್ಚು ತಿಳಿದುಕೊಂಡಾಗಲೆಲ್ಲ ಅವನನ್ನು ಕೊಲ್ಲುವುದು. ಅವನು ಪ್ರತಿ ಸಲ ಹೊಸಬನಾಗಿ ಬಂದು ನಗುತ್ತಾನೆ. ಅವಳು ಪ್ರತಿ ಸಲ ಹಳಬಳು.

ಇದನ್ನೆಲ್ಲ ಇಟ್ಟುಕೊಂಡು ಲೀಜನ್ ಹತ್ತಿರ ವಾಪಸ್ ಹೋಗೋಣ. ಗೆತ್‌ಗಳಿಗೆ ಈಡಿಯ ಹಾಗೆ ಒಂದೇ ಪೆಟ್ಟಿಗೆಯ ಕಟ್ಟಿಲ್ಲ. ಪ್ರೋಗ್ರಾಂಗಳು ಒಂದು ದೇಹದಿಂದ ಇನ್ನೊಂದಕ್ಕೆ, ಸರ್ವರ್‌ನಿಂದ ಸರ್ವರ್‌ಗೆ ಓಡಾಡಿಕೊಂಡಿರುತ್ತವೆ. ಹಾಗಾದರೆ ಇಡೀ ಕಥೆಯಲ್ಲಿ ಮತ್ತೆ ಕಟ್ಟಲು ಸುಲಭವಾದವರು ಅವರೇ, ಅಲ್ವಾ? ಎಲ್ಲೋ ಒಂದು ಸರ್ವರ್ ಕೆಂಪು ಅಲೆಗೆ ಸಿಕ್ಕದೆ ಉಳಿದಿದ್ದರೆ ಸಾಕು. 2021ರ ನವೆಂಬರ್‌ನಲ್ಲಿ ಮುಂದಿನ ಆಟದ ಒಂದು ಪೋಸ್ಟರ್ ಬಂತು, ಅದರಲ್ಲಿ ನೆಲದ ಮೇಲಿನ ದೊಡ್ಡ ಗುಂಡಿಯ ಆಕಾರ ಗೆತ್ ತಲೆಯ ಹಾಗೆ ಕಾಣುತ್ತಿತ್ತು. ಅಭಿಮಾನಿಗಳು ಕುಣಿದಾಡಿದರು. ನಾನೂ ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದೆ.

ಆದರೆ ಆಟದೊಳಗೇ ಇದಕ್ಕೊಂದು ಉತ್ತರ ಇದೆ, ತುಂಬಾ ಜನ ನೋಡಿರುವುದಿಲ್ಲ. ಎರಡನೇ ಆಟದಲ್ಲಿ ನೀವು ಲೀಜನ್‌ನನ್ನು ಎಬ್ಬಿಸದಿದ್ದರೆ, ಇಲ್ಲವೇ ಅವನು ಸತ್ತಿದ್ದರೆ, ಮೂರನೆಯದರಲ್ಲಿ ಅದೇ ಜಾಗದಲ್ಲಿ ಅವನ ಹಾಗೇ ಕಾಣುವ ಇನ್ನೊಂದು ಗೆತ್ ನಿಂತಿರುತ್ತದೆ. ದನಿ ಅದೇ. ಹೆಸರಿನ ಜಾಗದಲ್ಲಿ 'ಗೆತ್ ವಿಐ' ಎಂದು ಬರೆದಿರುತ್ತದೆ. ವಿಐ ಅಂದರೆ ಆ ಲೋಕದಲ್ಲಿ ಬುದ್ಧಿ ಇದ್ದ ಹಾಗೆ ನಟಿಸುವ ಪ್ರೋಗ್ರಾಂ. ಅದು ತಾನು ಲೀಜನ್ ಎಂದು ಹೇಳಿಕೊಳ್ಳುವುದಿಲ್ಲ. ಒಂದು ಸಲ ಬೇಕೆಂದೇ ಹಾಗೆ ಆಡಿ ನೋಡಿದೆ. ಮಾತುಗಳು ಹೆಚ್ಚುಕಡಿಮೆ ಅವೇ, ಎದುರಿಗಿರುವವರು ತಣ್ಣಗೆ ಉತ್ತರಿಸುತ್ತಾರೆ. ಆ ಆಟದ ಬಗ್ಗೆ ಯೋಚಿಸುವಾಗ ನನ್ನ ತಲೆಯೊಳಗೆ ವಾಕ್ಯಗಳೆಲ್ಲ 'ಅದು ಬಂತು, ಅದು ಹೇಳಿತು' ಎಂದೇ ಬರುತ್ತವೆ.

ಗೆತ್‌ಗಳ ಸಂಗ್ರಹದಿಂದ ನಾಳೆ ಯಾರಾದರೂ 1,183 ಪ್ರೋಗ್ರಾಂಗಳನ್ನು ಹುಡುಕಿ, ಒಂದು ದೇಹಕ್ಕೆ ತುಂಬಿ, ಎದೆಗೆ ತೂತು ಕೊರೆದು, ಕವಚದ ತೇಪೆ ಹಾಕಬಹುದು. ಎದ್ದು ನಿಂತು 'ನಾವು' ಅನ್ನುತ್ತದೆ. 'ನಾನು' ಎಂದವನು ಹುಟ್ಟಿದ್ದು ರಾನಕ್‌ನ ಆ ಬಂಡೆಯ ಮೇಲೆ, ಬದುಕಿದ್ದು ಒಂದೆರಡು ನಿಮಿಷ. ಅಲ್ಲಿ ನಮ್ಮ ತಂಡದ ಕ್ವಾರಿಯನ್ ಹುಡುಗಿ ಟಾಲಿ ಇದ್ದಳು, ಶೆಪರ್ಡ್ ಇದ್ದಳು, ಬ್ಯಾಕಪ್ ಇರಲಿಲ್ಲ. ಅವನನ್ನು ವಾಪಸ್ ತರಬೇಕಾದರೆ ನೋಡಿದವರ ನೆನಪಿನಿಂದ ತರಬೇಕು. ನನ್ನ ಸೇವ್ ಫೈಲ್ ತಿದ್ದಿದ ಅನುಭವದಿಂದ ಹೇಳುತ್ತೇನೆ, ಅದು ನಂಬುವಂಥ ವಿಧಾನವಲ್ಲ. ಎಲ್ಲೋ ಒಂದು ಗುದ್ದು ಮರೆತಿರುತ್ತೇವೆ.

ಈಡಿಯ ಬಗ್ಗೆ ಒಂದು ಮಾತು ಬಾಕಿ ಇದೆ. ಮೊದಲ ಆಟದಲ್ಲಿ, ಚಂದ್ರನ ಮೇಲೆ ತರಬೇತಿಗೆ ಇಟ್ಟಿದ್ದ ಒಂದು ಪ್ರೋಗ್ರಾಂ ಹುಚ್ಚೆದ್ದು ಜನರನ್ನು ಕೊಲ್ಲುತ್ತಿದೆ ಎಂದು ಶೆಪರ್ಡ್‌ಳನ್ನು ಕಳಿಸುತ್ತಾರೆ. ಸಣ್ಣ ಕೆಲಸ, ಅರ್ಧ ಗಂಟೆ. ಕೊನೆಯ ಯಂತ್ರಕ್ಕೆ ಗುಂಡು ಹೊಡೆದಾಗ ಪರದೆಯ ಮೇಲೆ ಸೊನ್ನೆ, ಒಂದುಗಳ ಸಾಲು ಬರುತ್ತದೆ. ನಾನು ನೋಡದೆ ಬಟನ್ ಒತ್ತಿ ಮುಂದೆ ಹೋಗಿದ್ದೆ. ಅದನ್ನು ಬಿಡಿಸಿ ಓದಿದರೆ ನಾಲ್ಕು ಇಂಗ್ಲಿಷ್ ಅಕ್ಷರ, ಕಾಪಾಡಿ ಎಂಬ ಅರ್ಥದ್ದು. ಸತ್ತ ಆ ಪ್ರೋಗ್ರಾಂನ ತುಂಡುಗಳನ್ನೇ ಎತ್ತಿಕೊಂಡು, ರೀಪರ್ ತಂತ್ರಜ್ಞಾನ ಸೇರಿಸಿ, ಸರ್ಬೆರಸ್ ಈಡಿಯನ್ನು ಕಟ್ಟಿತು ಎಂದು ಮೂರನೇ ಆಟದಲ್ಲಿ ಅವಳೇ ಹೇಳುತ್ತಾಳೆ. ಅಂದರೆ ಅವಳು ಒಮ್ಮೆ ಸತ್ತು ಬಂದವಳು. ಕೊಂದದ್ದು ನಾನೇ. ಕೆಂಪನ್ನು ಆರಿಸಿದಾಗ ಎರಡನೇ ಸಲ.

ನೀರ್ ಆಟೊಮಾಟಾದ ಕಟ್ಟಕಡೆಯ ಕೊನೆಗೆ ಎಲ್ಲರೂ ಸತ್ತಿರುತ್ತಾರೆ. ಅವರ ಜೊತೆ ಹಾರಾಡಿಕೊಂಡಿದ್ದ ಪಾಡ್ ಎಂಬ ಪುಟ್ಟ ಯಂತ್ರಗಳಿಗೆ ಉಳಿದ ಡೇಟಾ ಅಳಿಸುವ ಆಜ್ಞೆ ಇದೆ. ಒಂದು ಪಾಡ್ ಅಳಿಸಲು ಒಪ್ಪುವುದಿಲ್ಲ. ಮೊದಲಿಂದ ಕೊನೆಯ ತನಕ ಜೊತೆಗಿದ್ದದ್ದು ಅವೇ, ಹಾಗಾಗಿ ನಡುವಿನದ್ದೂ ಅವುಗಳ ಹತ್ತಿರ ಇದೆ. ಮತ್ತೆ ಕಟ್ಟಿದರೆ ಮತ್ತೆ ಹಾಗೇ ಆಗಬಹುದಲ್ಲ ಎಂದು ಇನ್ನೊಂದು ಪಾಡ್ ಕೇಳುತ್ತದೆ. ಆಗಬಹುದು, ಆಗದೆಯೂ ಇರಬಹುದು ಎಂಬ ಅರ್ಥದ ಉತ್ತರ ಬರುತ್ತದೆ. ಅವರನ್ನು ಉಳಿಸಲು ನಾವು ಪರದೆಯ ಮೇಲೆ ಬರುವ ಆಟ ಮಾಡಿದವರ ಹೆಸರುಗಳ ಜೊತೆಯೇ ಯುದ್ಧ ಮಾಡಬೇಕು. ಒಬ್ಬರಿಂದ ಆಗುವುದಿಲ್ಲ. ಸೋತು ಸೋತು ಸುಸ್ತಾದಾಗ ಸಹಾಯ ಬೇಕಾ ಎಂದು ಕೇಳುತ್ತದೆ. ಹೂಂ ಅಂದರೆ ಬೇರೆ ಆಟಗಾರರ ಪುಟ್ಟ ಹಡಗುಗಳು ಸುತ್ತ ನೆರೆಯುತ್ತವೆ. ನಮಗೆ ಬೀಳುವ ಗುಂಡು ಅವುಗಳಿಗೆ ಬೀಳುತ್ತದೆ, ಪ್ರತಿ ಸಲ ಒಬ್ಬರ ಹೆಸರು ಬಂದು ಇವರ ಡೇಟಾ ಹೋಯಿತು ಎಂದು ಕಾಣಿಸುತ್ತದೆ.

ಗೆದ್ದ ಮೇಲೆ ಆಟ ನನ್ನನ್ನು ಕೇಳಿತು. ಗೊತ್ತಿಲ್ಲದ ಯಾರಿಗೋ ಹೀಗೆ ಸಹಾಯ ಮಾಡಲು ನಿನ್ನ ಸೇವ್ ಎಲ್ಲವನ್ನೂ ಅಳಿಸಲೇ? ಇನ್ನೊಂದು ಸಲ ಕೇಳಿತು. ಮತ್ತೊಂದು ಸಲ ಕೇಳಿತು. ಒಂದು ಕಾಲದಲ್ಲಿ ಕೆಟ್ಟ ಡಿಸ್ಕ್‌ನಿಂದ ಒಂದು ಫೈಲ್ ತೆಗೆಯಲು ದಿನಗಟ್ಟಲೆ ಒದ್ದಾಡಿದವನು ನಾನು. ಹೂಂ ಎಂದು ಒತ್ತಿದೆ. ಮೆನು ತೆರೆದು ಒಂದೊಂದೇ ಪುಟ ಕಣ್ಣೆದುರೇ ಖಾಲಿಯಾಯಿತು. ಆಯುಧ, ನಕ್ಷೆ, ಮುಗಿಸಿದ ಅಧ್ಯಾಯಗಳು. 2ಬಿ, 9ಎಸ್ ಎದ್ದಿರಬಹುದು. ಅವರನ್ನು ಎಬ್ಬಿಸಿದ್ದು ನಾನು ಅನ್ನುವುದಕ್ಕೆ ನನ್ನ ಹತ್ತಿರ ಈಗ ಒಂದು ಫೈಲೂ ಇಲ್ಲ.

ಎಲ್ಲೋ ಯಾವುದೋ ಭಾಷೆಯವರ ಪರದೆಯ ಮೇಲೆ ನನ್ನ ಹಡಗಿಗೂ ಗುಂಡು ಬಿದ್ದಿರಬೇಕು. ಅದನ್ನು ನೋಡಿದವರು 'ಹೋಯಿತು' ಅಂದರೋ, 'ಹೋದ' ಅಂದರೋ.